ಬುತ್ತಿ ಗಂಟೋ, ಮುಂಗಡ ಊಟದ ಕೂಪನ್ನೋ?

ಗೋಕಾಕದ ಜಲಪಾತವನ್ನು ನೀವು ಮಳೆಗಾಲದಲ್ಲಿ ನೋಡಿದ್ದರೆ ಆ ಸದ್ದು ಇನ್ನೂ ನಿಮ್ಮ ಕಿವಿಯಲ್ಲಿರಬೇಕು. ಕುದುರೆ ಲಾಳದಂತೆ ಬಾಗಿದ ಬಂಡೆಯ ಅಂಚಿನಿಂದ ಘಟಪ್ರಭೆ ಸುಮಾರು 170 ಅಡಿ ಕೆಳಗೆ ಧುಮುಕುತ್ತಾಳೆ. ಹೊಸ ನೀರು ಬಂದಾಗ ಬಣ್ಣ ಕೆಂಪು. ಒಂದು ಬದಿಗೆ ತೂಗುಸೇತುವೆ, ಪಕ್ಕದಲ್ಲೇ ಬ್ರಿಟಿಷರ ಕಾಲದಿಂದ ನಿಂತಿರುವ ನೂಲಿನ ಗಿರಣಿ.

ಗೋಕಾಕ, ಹುಕ್ಕೇರಿ, ಇತ್ತೀಚೆಗೆ ಗೋಕಾಕದಿಂದ ಬೇರ್ಪಟ್ಟು ತಾಲ್ಲೂಕಾದ ಮೂಡಲಗಿ, ಈ ಮೂರೂ ಕಡೆಯ ಮನೆಗಳಲ್ಲಿ ಬಹಳ ಕಾಲ ಪ್ರವಾಸವೆಂದರೆ ಇಷ್ಟೇ ಆಗಿತ್ತು. ಒಂದು ದಿನ ಫಾಲ್ಸ್, ಇನ್ನೊಂದು ದಿನ ಮಾರ್ಕಂಡೇಯ ನದಿಯ ಗೊಡಚಿನಮಲ್ಕಿ, ಇಲ್ಲವೇ ಹಿಡಕಲ್ ಡ್ಯಾಂ. ಹುಕ್ಕೇರಿಗೆ ನೆಂಟರ ಮನೆಗೆ ಹೋದರೆ ಆದಿಲ್‌ಶಾಹಿ ಕಾಲದ ಗುಂಬಜ್‌ಗಳ ನೆರಳಿನಲ್ಲಿ ಮಕ್ಕಳ ಓಟ. ಊಟದ ಚಿಂತೆ ಇರಲೇ ಇಲ್ಲ. ಬುತ್ತಿ ಜೊತೆಗೇ ಬರುತ್ತಿತ್ತು: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಮೊಸರು, ದೊಡ್ಡ ಡಬ್ಬಿಯಲ್ಲಿ ಪುಲಾವ್. ಜಮಖಾನ ಹಾಸಿದಲ್ಲೇ ಊಟ, ಅಲ್ಲೇ ನಮಾಝ್.

ಚಿಂತೆ ಇರಲಿಲ್ಲ ಎಂದೆ. ಯಾರಿಗೆ? ಅಬ್ಬಾನಿಗೆ ಇರಲಿಲ್ಲ, ಮಕ್ಕಳಿಗೆ ಇರಲಿಲ್ಲ. ಆ ರೊಟ್ಟಿ ತಟ್ಟಲು ಫಜ್ರ್‌ಗಿಂತ ಎರಡು ತಾಸು ಮೊದಲು ಎದ್ದವಳು ಅಮ್ಮ. ಬುತ್ತಿ ಬಿಚ್ಚಿ ಬಡಿಸಿದವಳೂ, ಖಾಲಿ ಡಬ್ಬಿಗಳನ್ನು ಮನೆಗೆ ತಂದು ರಾತ್ರಿ ತೊಳೆದವಳೂ ಅವಳೇ. ಎಲ್ಲರೂ ನೀರಿನ ಹತ್ತಿರ ನಿಂತಿದ್ದಾಗ ಅವಳು ಚಟ್ನಿ ಚೆಲ್ಲದಂತೆ ನೋಡಿಕೊಳ್ಳುತ್ತಿದ್ದಳು. ಈ ಮಾತನ್ನು ಮುಂದಿನ ಲೆಕ್ಕದಲ್ಲಿ ಮರೆಯಬೇಡಿ.

ಈಗಿನ ಮಕ್ಕಳು ಕೇಳುವುದು ಥೀಮ್ ಪಾರ್ಕ್. ನಮ್ಮ ಕಡೆಯಿಂದ ದಾರಿ ಎರಡು. ಘಟಪ್ರಭಾ ಸ್ಟೇಷನ್ನಿನಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಅಲ್ಲಿಂದ ಮೈಸೂರು ರಸ್ತೆಯ ಬಿಡದಿ ಬಳಿ 2005ರಲ್ಲಿ ತೆರೆದ ವಂಡರ್‌ಲಾ. ಇಲ್ಲವೇ ಸಂಕೇಶ್ವರದಿಂದ ಹೆದ್ದಾರಿ ಹಿಡಿದು ಕೊಲ್ಹಾಪುರ, ಪುಣೆ ದಾಟಿದರೆ ಖೋಪೋಲಿ ಬಳಿಯ ಇಮ್ಯಾಜಿಕಾ. ಅದು ಶುರುವಾದದ್ದು 2013ರಲ್ಲಿ. ಇಂತಹ ಪಾರ್ಕುಗಳಲ್ಲಿ ಹೊರಗಿನ ಊಟಕ್ಕೆ ಪ್ರವೇಶವಿಲ್ಲ. ಗೇಟಿನಲ್ಲಿ ಬ್ಯಾಗ್ ತೆರೆಸಿ ನೋಡುತ್ತಾರೆ. ನಿಮ್ಮ ಖಡಕ್ ರೊಟ್ಟಿ ಎಷ್ಟೇ ರುಚಿಯಾಗಿದ್ದರೂ ಅದು ಗೇಟಿನ ಹೊರಗೇ ಉಳಿಯಬೇಕು.

ಆಗ ಎದುರಾಗುವುದೇ ಮುಂಗಡ ಊಟದ ಪ್ರಶ್ನೆ. ಟಿಕೇಟ್ ಕೊಳ್ಳುವಾಗಲೇ ‘ಊಟ ಸೇರಿಸಿ’ ಎಂಬ ಆಯ್ಕೆ ಕಾಣುತ್ತದೆ. ತಲೆಗೆ ಇಷ್ಟು ಎಂದು ಕಟ್ಟಿದರೆ ಮಧ್ಯಾಹ್ನ ಬುಫೆ, ಕೆಲವೆಡೆ ಸಂಜೆಯ ತಿಂಡಿಯೂ. ಒಳಗೆ ಪರ್ಸ್ ತೆಗೆಯಬೇಕಿಲ್ಲ ಎಂಬುದು ಆಕರ್ಷಣೆ. ಕಟ್ಟಬೇಕೇ, ಬೇಡವೇ?

ಹಣದ ಲೆಕ್ಕವನ್ನು ಮೊದಲು ಮುಗಿಸೋಣ. ಏಳು ಜನರ ಒಂದು ಮನೆ ಎಂದುಕೊಳ್ಳಿ: ದಾದಿ, ಗಂಡ ಹೆಂಡತಿ, ಖಾಲಾ, ಮೂವರು ಮಕ್ಕಳು. ಲೆಕ್ಕಕ್ಕಾಗಿ ದೊಡ್ಡವರ ಕೂಪನ್ 450 ರೂಪಾಯಿ, ಮಕ್ಕಳದ್ದು 350 ಎಂದಿಟ್ಟುಕೊಂಡರೆ ಒಟ್ಟು 2,850. ಈಗ ನಿಜವಾಗಿ ತಿನ್ನುವವರನ್ನು ಎಣಿಸಿ. ದಾದಿಗೆ ಸಕ್ಕರೆ ಕಾಯಿಲೆ. ಒಂದು ಚಪಾತಿ, ಸ್ವಲ್ಪ ಮೊಸರನ್ನ ಸಾಕು. ಚಿಕ್ಕವನಿಗೆ ಐಸ್‌ಕ್ರೀಂ ಬಿಟ್ಟು ಬೇರೇನೂ ಬೇಡ. ನಡುವಿನವಳು ತಿರುಗುವ ಆಟದಲ್ಲಿ ಕುಳಿತು ಬಂದ ಮೇಲೆ ಊಟದ ಹೆಸರೆತ್ತಿದರೇ ಮುಖ ಕಿವುಚುತ್ತಾಳೆ. ಉಳಿದ ನಾಲ್ವರು ಕೌಂಟರಿನಲ್ಲಿ ತಲಾ 300 ರೂಪಾಯಿಯ ಊಟ ಮಾಡಿ, ಮಿಕ್ಕವರ ಮೊಸರನ್ನ, ಜ್ಯೂಸ್, ಐಸ್‌ಕ್ರೀಮಿಗೆ 600 ಖರ್ಚಾದರೂ 1,800ರಲ್ಲಿ ಮುಗಿಯುತ್ತದೆ. ಅದೇ ಮನೆಯಲ್ಲಿ ಮೂವರು ಮಕ್ಕಳೂ ಕಾಲೇಜು ಓದುವ ಹುಡುಗರಾಗಿದ್ದರೆ ಲೆಕ್ಕ ತಲೆಕೆಳಗು. ಅವರ ಮುಂದೆ ಬುಫೆಯವನೇ ಸೋಲಬೇಕು! ಆದ್ದರಿಂದ ಎಷ್ಟು ಜನ ಹೋಗುತ್ತೀರಿ ಎಂಬುದಕ್ಕಿಂತ ಎಷ್ಟು ಹೊಟ್ಟೆ ಹೋಗುತ್ತದೆ ಎಂದು ನೋಡಿ.

ಅಮೆರಿಕದ ಫ್ಲೋರಿಡಾದ ಡಿಸ್ನಿ ವರ್ಲ್ಡ್ 2005ರಲ್ಲಿ ಇಂತಹ ಊಟದ ಯೋಜನೆ ತಂದಿತ್ತು. 2020ರಲ್ಲಿ ಕೊರೋನಾ ಬಂದಾಗ ನಿಂತದ್ದು 2024ರ ಜನವರಿಯಲ್ಲಿ ಮತ್ತೆ ಬಂತು. ಅಲ್ಲಿಯ ನಿಯಮದಲ್ಲಿ ಒಂದು ಬುಕಿಂಗಿನಲ್ಲಿರುವ ಮೂರು ವರ್ಷ ಮೇಲ್ಪಟ್ಟ ಎಲ್ಲರೂ, ತಂಗುವಷ್ಟು ದಿನವೂ ಅದನ್ನೇ ಕೊಳ್ಳಬೇಕು. ಒಬ್ಬರಿಗೆ ಬೇಕು, ಒಬ್ಬರಿಗೆ ಬೇಡ ಎನ್ನುವಂತಿಲ್ಲ. ನೀವು ಹೋಗುವ ಪಾರ್ಕಿನಲ್ಲಿ ಎಷ್ಟು ಜನಕ್ಕೆ ಬೇಕೋ ಅಷ್ಟೇ ಕೂಪನ್ ಕೊಡುತ್ತಾರೆಯೇ? ಮೊದಲು ಕೇಳಬೇಕಾದದ್ದು ಇದನ್ನೇ.

ನಮಗೆ ಹಣಕ್ಕಿಂತ ದೊಡ್ಡ ಪ್ರಶ್ನೆ ತಟ್ಟೆಯಲ್ಲಿರುವ ಮಾಂಸ ಹಲಾಲೇ ಎಂಬುದು. ಕೌಂಟರಿನಲ್ಲಿ ಸಂಶಯ ಬಂದರೆ ಮುಂದೆ ಹೋಗಬಹುದು. ಹಣ ಕಟ್ಟಿಯಾದ ಮೇಲೆ ಬಿಡಲು ಮನಸ್ಸು ಬರುವುದಿಲ್ಲ. ಕೇಳಿದರೆ ಬಡಿಸುವ ಹುಡುಗ ‘ಹೌದು ಮೇಡಂ, ಹಲಾಲೇ’ ಎನ್ನುತ್ತಾನೆ. ಪಾಪ, ಅವನಿಗೇನು ಗೊತ್ತು? ಟಿಕೇಟ್ ಕೊಳ್ಳುವ ಮೊದಲೇ ಪಾರ್ಕಿನ ನಂಬರಿಗೆ ಫೋನ್ ಮಾಡಿ, ಸಾಧ್ಯವಾದರೆ ಇ-ಮೇಲ್‌ನಲ್ಲಿ ಬರೆದು ಉತ್ತರ ಪಡೆಯಿರಿ. ಉತ್ತರ ಸ್ಪಷ್ಟವಿಲ್ಲದಿದ್ದರೆ ಸಸ್ಯಾಹಾರವೇ ನಮ್ಮ ಊಟ. ಅದಕ್ಕೆ ಬೇರೆ, ಕಡಿಮೆ ದರದ ಕೂಪನ್ ಇದೆಯೇ ಎಂದು ವಿಚಾರಿಸಿ. ಇಲ್ಲವೆಂದರೆ ನೀವು ತಿನ್ನದ ಮಾಂಸಕ್ಕೂ ನೀವೇ ಹಣ ಕೊಟ್ಟಂತಾಯಿತು. ಬುಫೆಯಲ್ಲಿ ಒಂದೇ ಸೌಟು ಎರಡೂ ಪಾತ್ರೆಗಳಲ್ಲಿ ಆಡುವುದುಂಟು, ಕಣ್ಣಿಡಿ. ಮಕ್ಕಳು ಆಸೆಪಡುವ ಜೆಲ್ಲಿಯನ್ನು ಯಾವುದರಿಂದ ಮಾಡಿದ್ದಾರೆಂದು ಕೇಳದೆ ಕೊಡಬೇಡಿ.

ಮುಂಗಡ ಕೊಡುವುದೇ ಸರಿಯಲ್ಲ ಎಂದು ಕೆಲವು ಹಿರಿಯರು ಹೇಳುವುದುಂಟು. ಹಾಗೇನಿಲ್ಲ. ಮದೀನಾದ ಜನರು ಖರ್ಜೂರಕ್ಕೆ ಒಂದೆರಡು ವರ್ಷ ಮೊದಲೇ ಹಣ ಕೊಡುತ್ತಿದ್ದರು. ಪ್ರವಾದಿವರ್ಯರು(ಸ) ಅದನ್ನು ನಿಷೇಧಿಸಲಿಲ್ಲ. ಅಳತೆ, ತೂಕ, ಅವಧಿ ಮೊದಲೇ ಗೊತ್ತಿರಬೇಕೆಂದು ತಿಳಿಸಿದರು. ಇಬ್ನು ಅಬ್ಬಾಸ್(ರ) ವರದಿ ಮಾಡಿದ ಈ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಊಟದ ಕೂಪನ್ನಿಗೂ ಈ ಪ್ರಶ್ನೆಗಳೇ ಹೊಂದುತ್ತವೆ. ಏನು ಕೊಡುತ್ತಾರೆ? ಎಷ್ಟು ಸಲ? ಎಷ್ಟು ಗಂಟೆಯಿಂದ ಎಷ್ಟು ಗಂಟೆಯೊಳಗೆ? ನಾವು ಬರಲಾಗದಿದ್ದರೆ ಹಣ ವಾಪಸಾಗುತ್ತದೆಯೇ?

ಗಂಟೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬುಫೆ ನಡೆಯುವ ಹೊತ್ತು, ಝುಹರ್‌ನ ಹೊತ್ತು, ಮಕ್ಕಳು ನೀರಿನಾಟದಿಂದ ಹೊರಗೆ ಬರಲೊಲ್ಲದ ಹೊತ್ತು, ಮೂರೂ ಒಂದೇ. ಇಷ್ಟು ದೂರ ಬಂದ ನಮಗೆ ಝುಹರ್, ಅಸ್ರ್ ಎರಡೆರಡು ರಕಅತ್ ಮಾತ್ರ. ಆದರೆ ಒದ್ದೆ ಬಟ್ಟೆ ಬದಲಿಸಿ, ವುಝೂ ಮಾಡಿ, ಸ್ವಚ್ಛ ಜಾಗ ಹುಡುಕಲು ಅರ್ಧ ತಾಸು ಬೇಕು. ಹಣ ಕಟ್ಟಿದ ಬುಫೆ ಮುಚ್ಚಿಹೋದೀತೆಂಬ ಅವಸರದಲ್ಲಿ ನಮಾಝ್ ಮುಂದಕ್ಕೆ ಹೋಗಬಾರದು. ಕೌಂಟರಿನ ಊಟಕ್ಕೆ ಈ ಅವಸರವಿಲ್ಲ.

ಇನ್ನು ಕೊಟ್ಟ ಹಣ ವಸೂಲಿ ಮಾಡುವ ಹಟ. ತಟ್ಟೆ ತುಂಬ ಬಡಿಸಿಕೊಂಡು ಅರ್ಧ ಬಿಡುವುದನ್ನು ಯಾವ ಬುಫೆಯಲ್ಲಿ ಬೇಕಾದರೂ ನೋಡಬಹುದು. ತಿನ್ನಿರಿ, ಕುಡಿಯಿರಿ, ಆದರೆ ಮಿತಿ ಮೀರಬೇಡಿ ಎಂಬ ಕುರ್‌ಆನಿನ ಆದೇಶ ನಮಗೆಲ್ಲ ಗೊತ್ತಿದೆ. ಆದರೂ ಕೂಪನ್ ಕೈಯಲ್ಲಿದ್ದಾಗ ಕೈ ತಾನಾಗಿಯೇ ಸೌಟಿನತ್ತ ಹೋಗುತ್ತದೆ, ನನ್ನದೂ.

ಇಷ್ಟು ಓದಿದ ಮೇಲೆ ಕೂಪನ್ ಬೇಡವೇ ಬೇಡ ಎಂದು ನಿಮ್ಮ ಯಜಮಾನರು ತೀರ್ಮಾನಿಸಿಬಿಡಬಹುದು. ಅವರಿಗೆ ಆ ಅಮ್ಮನ ಕಥೆ ನೆನಪಿಸಿ. ಕೂಪನ್ ಇಲ್ಲವೆಂದರೆ ಯಾವ ಕೌಂಟರ್ ಸೋವಿ, ಯಾರಿಗೆ ಏನು ಬೇಕು, ಸಾಲಿನಲ್ಲಿ ಯಾರು ನಿಲ್ಲಬೇಕು ಎಂಬುದೆಲ್ಲ ಮತ್ತೆ ಅವಳ ತಲೆಗೇ ಬೀಳುತ್ತದೆ. ವರ್ಷಕ್ಕೊಮ್ಮೆ ಸಿಗುವ ಒಂದು ದಿನದಲ್ಲಿ ಬಡಿಸುವ ಕೆಲಸವಿಲ್ಲದೆ, ಬಿಲ್ಲಿನ ಚಿಂತೆಯಿಲ್ಲದೆ ಅವಳು ಕುಳಿತು ಉಣ್ಣುವುದಾದರೆ ಆ ಸಾವಿರ ರೂಪಾಯಿ ಹೆಚ್ಚಲ್ಲ. ಕೂಪನ್ ಬೇಡವೆನ್ನುವ ಯಜಮಾನರು ಆ ದಿನ ಸಾಲಿನಲ್ಲಿ ತಾವೇ ನಿಂತು ಎಲ್ಲರಿಗೂ ತಂದುಕೊಡಲು ಒಪ್ಪಬೇಕು. ಇದನ್ನು ಮನೆಯಲ್ಲೇ ಮಾತಾಡಿ ಮುಗಿಸಿಕೊಳ್ಳಿ, ಗೇಟಿನ ಮುಂದೆ ಬೇಡ.

ನನ್ನನ್ನು ಕೇಳಿದರೆ ನಡುದಾರಿ ಹಿಡಿಯಿರಿ. ಮಧ್ಯಾಹ್ನದ ಒಂದೇ ಊಟಕ್ಕೆ, ಚೆನ್ನಾಗಿ ಉಣ್ಣುವ ದೊಡ್ಡವರಿಗೆ ಮಾತ್ರ, ಹಲಾಲ್ ಖಚಿತವಾದರೆ ಅಥವಾ ಸಸ್ಯಾಹಾರದ ದರ ಬೇರೆ ಇದ್ದರೆ ಕೂಪನ್ ಕೊಳ್ಳಿ. ದಾದಿಗೂ ಮಕ್ಕಳಿಗೂ ಅಲ್ಲೇ ಬೇಕಾದದ್ದು ಕೊಡಿಸಿದರಾಯಿತು. ಮೂರು ಹೊತ್ತಿನ ಯೋಜನೆಯಂತೂ ಬೇಡ. ಹಸುಳೆಯ ಆಹಾರ, ಹಿರಿಯರ ಔಷಧಿಗೆ ಸಾಮಾನ್ಯವಾಗಿ ಅಡ್ಡಿ ಮಾಡುವುದಿಲ್ಲ, ಆದರೂ ಫೋನಿನಲ್ಲೇ ಕೇಳಿಕೊಂಡಿರಿ.

ಬೆಳಗಿನ ತಿಂಡಿಗೆ ಬುತ್ತಿ ಇರಲಿ, ಚಿಕ್ಕದಾಗಿ. ರೊಟ್ಟಿ ತಟ್ಟಲು ಯಾರೂ ರಾತ್ರಿ ಏಳಬೇಕಿಲ್ಲ. ಖಡಕ್ ರೊಟ್ಟಿ ವಾರ ಮೊದಲೇ ಮಾಡಿಟ್ಟರೂ ಕೆಡದು. ಚಟ್ನಿಪುಡಿಯೊಂದಿಗೆ ರೈಲಿನಲ್ಲೇ ತಿಂದು ಮುಗಿಸಿ. ಗೋಕಾಕದ ಕರದಂಟು ಒಂದು ಡಬ್ಬಿ ತಂದಿದ್ದರೆ ಅದನ್ನು ಹೊರಗಿನ ಸಾಮಾನಿನ ಜೊತೆ ಬಿಟ್ಟು ಹೋಗಿ. ಸಂಜೆ ಒದ್ದೆ ಕೂದಲಿನ ಮಕ್ಕಳು ಹೊರಗೆ ಬಂದು ರಾತ್ರಿಯ ರೈಲಿಗೆ ಹೊರಡುವಾಗ ಮೊದಲು ಕೇಳುವುದು ಅದನ್ನೇ.