ಜೆಮ್ ಕ್ಲಿಪ್ ಹೇಳುವ ಅರ್ಧ ಸತ್ಯ

ಮೇಲ್ ಪಕ್ಕದಲ್ಲಿ ಕಾಣುವ ಪುಟ್ಟ ಜೆಮ್ ಕ್ಲಿಪ್ ಚಿತ್ರವನ್ನು ನಾವೆಲ್ಲ ಕಣ್ಮುಚ್ಚಿ ನಂಬುತ್ತೇವೆ. ಕ್ಲಿಪ್ ಇದೆಯಾ, ಫೈಲ್ ಬಂದಿದೆ. ಇಲ್ವಾ, ಬಂದಿಲ್ಲ. ಈ ಲೆಕ್ಕ ತಪ್ಪಿದರೆ ಮಗ್ಗವೇ ನಿಂತುಹೋಗುತ್ತೆ ಅಂತ ನನಗೆ ಗೊತ್ತಾಗಿದ್ದು ದೊಡ್ಡಬಳ್ಳಾಪುರದಲ್ಲಿ.

ನಮ್ಮದು ಪವರ್‌ಲೂಮ್ ಊರು. ಚಿಕ್ಕಪ್ಪನ ಮನೆಯಲ್ಲಿ ನಾಲ್ಕು ಮಗ್ಗಗಳಿವೆ. ಆರ್ಡರ್ ಕೊಡುವವರು ಅಂಚು, ಸೆರಗಿನ ಡಿಸೈನು, ಬಣ್ಣದ ಪಟ್ಟಿ ಎಲ್ಲವನ್ನೂ ಈಗ ಮೇಲ್‌ನಲ್ಲೇ ಕಳಿಸ್ತಾರೆ. ಪಟ್ಟಿ ಬಂದ ಮೇಲೆ ನೂಲಿಗೆ ಬಣ್ಣ, ಆಮೇಲೆ ಹಾಸು, ಆಮೇಲೆ ನೇಯ್ಗೆ.

ಒಮ್ಮೆ ಹೀಗೇ ಮೇಲ್ ಬಂತು. ಕ್ಲಿಪ್ ಇತ್ತು, ಒಳಗೆ ಪಟ್ಟಿ ಇರಲಿಲ್ಲ. ಫೋನ್ ಮಾಡಿದರೆ ಆ ಕಡೆಯ ಹುಡುಗ, “ಸಾರ್, ಸಿಂಬಲ್ ಕಾಣ್ತಿದೆಯಲ್ಲ, ನಮ್ಮಿಂದ ಹೋಗಿದೆ. ನಿಮಗೆ ಓಪನ್ ಮಾಡೋಕೆ ಬರ್ತಿಲ್ಲ ಅನ್ಸುತ್ತೆ” ಅಂದ. ಎರಡು ದಿನ ಮಗ್ಗ ಖಾಲಿ. ಚಿಕ್ಕಪ್ಪ ಅವನ ಮಾತನ್ನು ನಂಬಿಬಿಟ್ಟಿದ್ದು ನನಗೆ ಅದಕ್ಕಿಂತ ಹೆಚ್ಚು ಬೇಜಾರು. “ನಮಗೆಲ್ಲಿ ಗೊತ್ತಾಗುತ್ತಪ್ಪ ಇದೆಲ್ಲ” ಅಂತ ಫೋನನ್ನು ನನ್ನ ಕೈಗಿಟ್ಟರು.

ಮೇಲ್‌ಗೆ ಚಿತ್ರ, ಧ್ವನಿ ಅಂಟಿಸುವ ‘ಮೈಮ್’ ವಿಧಾನ ರೂಪುಗೊಂಡಿದ್ದು 1992ರಲ್ಲಿ, ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಅವರಿಂದ. ಇದರಲ್ಲಿ ಒಂದು ಮೇಲ್ ಅಂದರೆ ಹಲವು ತುಂಡುಗಳ ಗಂಟು. ತುಂಡು ಪತ್ರದ ಒಳಗೇ ಕಾಣಬೇಕಾದರೆ ‘ಇನ್‌ಲೈನ್’, ಬೇರೆ ಫೈಲಾಗಿ ಇರಬೇಕಾದರೆ ‘ಅಟ್ಯಾಚ್‌ಮೆಂಟ್’ ಅನ್ನೋ ಚೀಟಿ ಅಂಟಿಸುವ ಪದ್ಧತಿ ಬಂದಿದ್ದು 1995ರಲ್ಲಿ. ಸಹಿಯ ಕೆಳಗಿನ ಕಂಪನಿ ಲೋಗೋ ಕೂಡ ಒಂದು ತುಂಡೇ. ಕೆಲವು ಆ್ಯಪ್‌ಗಳು ಆ ಚೀಟಿ ಸರಿಯಾಗಿ ಓದದೆ, ಗಂಟಲ್ಲಿ ಇನ್ನೇನೋ ಇದೆ ಅಂತಷ್ಟೇ ನೋಡಿ ಕ್ಲಿಪ್ ತೋರಿಸಿಬಿಡುತ್ತವೆ.

ಲ್ಯಾಪ್‌ಟಾಪ್‌ನಲ್ಲಿ ಜಿಮೇಲ್ ತೆರೆದು, ಮೂರು ಚುಕ್ಕಿ ಒತ್ತಿ, ‘ಶೋ ಒರಿಜಿನಲ್’ಗೆ ಹೋದೆ. ಇದ್ದಿದ್ದು ಪತ್ರದ ಅಕ್ಷರ, ಜೊತೆಗೆ ಕೆಲವೇ ಕೆಬಿಯ ಒಂದು ಚಿತ್ರ. ಲೋಗೋ! ಪಿಡಿಎಫ್ ಸುಳಿವೇ ಇಲ್ಲ. ಅದರ ಫೋಟೋ ಕಳಿಸಿದ ಸ್ವಲ್ಪ ಹೊತ್ತಿಗೆ ಬಣ್ಣದ ಪಟ್ಟಿ ಬಂತು. ‘ಸಾರಿ’ ಮಾತ್ರ ಬರಲಿಲ್ಲ. “ಅಂದ್ರೆ ಅವರು ಕಳಿಸೇ ಇರಲಿಲ್ಲ, ಅಲ್ವಾ?” ಅಂತ ಚಿಕ್ಕಪ್ಪ ಎರಡೆರಡು ಸಲ ಕೇಳಿದರು.

ಇದರ ಉಲ್ಟಾನೂ ಆಗುತ್ತೆ. ಜಿಮೇಲ್‌ನಲ್ಲಿ 25 ಎಂಬಿ ದಾಟಿದ ಫೈಲು ಡ್ರೈವ್ ಲಿಂಕಾಗಿ ಹೋಗುತ್ತೆ. ಹುಡುಕಬೇಕಾದ್ದು ಪತ್ರದ ಒಳಗಿನ ಲಿಂಕನ್ನು. ಔಟ್‌ಲುಕ್‌ನ ರಿಚ್ ಟೆಕ್ಸ್ಟ್ ಮೇಲ್ ಬೇರೆ ಆ್ಯಪ್‌ಗೆ ಬಂದರೆ ನಿಜವಾದ ಫೈಲು ‘ವಿನ್‌ಮೇಲ್ ಡಾಟ್ ಡ್ಯಾಟ್’ ಅನ್ನೋ ಪೊಟ್ಟಣದೊಳಗೆ ಸಿಕ್ಕಿಕೊಂಡಿರಬಹುದು. ಕಳಿಸಿದವರಿಗೆ ಎಚ್‌ಟಿಎಂಎಲ್‌ನಲ್ಲಿ ಮತ್ತೆ ಕಳಿಸಿ ಅನ್ನಿ. ಫೋನಿನಲ್ಲಿ ಕಾಣದಿದ್ದರೆ ಬ್ರೌಸರ್‌ನಲ್ಲಿ ಒಮ್ಮೆ ತೆಗೆದು ನೋಡಿ. ಆಫೀಸಲ್ಲಿ ಕೂತು ಮೇಲ್ ಕಳಿಸೋ ನಾವು ಇನ್ನೊಂದು ಮಾಡಬಹುದು: ಫೈಲಿನ ಹೆಸರು, ಎಷ್ಟು ಪುಟ ಅಂತ ಪತ್ರದಲ್ಲೇ ಒಂದು ಸಾಲು ಬರೆಯೋದು.

ಚಿಕ್ಕಪ್ಪ ಈಗ ‘ಕಳಿಸಿದೀವಿ’ ಅಂದವರನ್ನು “ಫೈಲ್ ಹೆಸರೇನು, ಸೈಜ್ ಎಷ್ಟು?” ಅಂತ ಕೇಳ್ತಾರೆ. ಆ ಕಡೆ ಒಂದು ಕ್ಷಣ ಮೌನ. ಆದರೆ ಅವರ ಮಗ್ಗದಲ್ಲಿ ಕೆಲಸ ಮಾಡುವವರಿಗೆ ಕೂಲಿ ಸೀರೆ ಲೆಕ್ಕದಲ್ಲಿ. ಖಾಲಿ ಹೋದ ಆ ಎರಡು ದಿನ ಯಾರ ಲೆಕ್ಕಕ್ಕೂ ಬರಲೇ ಇಲ್ಲ.