ತಾಳವಾಡಿಯ ಆವರಿಕೆ ಹೂವು

ಹೊಸೂರಿನಿಂದ ತಾಳವಾಡಿಗೆ ಹೋಗುವುದೆಂದರೆ ಒಂದು ಹಗಲಿನ ಪ್ರಯಾಣ. ಧರ್ಮಪುರಿ, ಸೇಲಂ, ಭವಾನಿ ದಾಟಿ ಸತ್ಯಮಂಗಲ ಸೇರಬೇಕು. ಅಲ್ಲಿಂದ ಬಣ್ಣಾರಿ, ಬಣ್ಣಾರಿಯಿಂದ ಮುಂದೆ ದಿಂಬಂ ಘಾಟಿಯ 27 ತಿರುವುಗಳು. ಸುತ್ತಲೂ 2013ರಲ್ಲಿ ಘೋಷಣೆಯಾದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ವಾಹನಗಳಿಗೆ ಸಿಕ್ಕಿ ಕಾಡುಪ್ರಾಣಿಗಳು ಸಾಯುತ್ತಿದ್ದುದರಿಂದ 2022ರಿಂದ ಈ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಹಾಗಾಗಿ ಜನವರಿಯ ಚಳಿಯಲ್ಲಿ ನಾವು ನಸುಕಿನಲ್ಲೇ ಬಾಡಿಗೆ ಕಾರು ಹತ್ತಿದೆವು. ನಾವು ಗಂಡ ಹೆಂಡತಿ, ಜೊತೆಗೆ ನಮ್ಮ ಅತ್ತಿಗೆ. ಅತ್ತಿಗೆಯ ಬಲಗಾಲಿನಲ್ಲಿ ಈಗ ಎರಡು ಬೆರಳುಗಳಿಲ್ಲ. ಈ ಪ್ರಯಾಣಕ್ಕೆ ಅದೇ ಕಾರಣ.

ಹಿಂದಿನ ವರ್ಷ ಇದೇ ಸಮಯದಲ್ಲಿ ತಾಳವಾಡಿಯ ನೆಂಟರ ಮನೆಗೆ ಹೋಗಿದ್ದೆವು. ಪಕ್ಕದ ಮನೆಯ ಅಜ್ಜಿಯೊಬ್ಬರು ಒಂದು ಡಬ್ಬಿ ತುಂಬ ಒಣಗಿದ ಆವರಿಕೆ ಹೂವು ಕೊಟ್ಟು, ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಹೇಳಿದ್ದರು. ಊರಿಗೆ ಬಂದವರೇ ಅದನ್ನು ಅತ್ತಿಗೆಗೆ ಕೊಟ್ಟೆವು. ಅವರಿಗೆ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ. ದಿನವೂ ಬೆಳಿಗ್ಗೆ ಹೂವಿನ ಕಷಾಯ ಕುಡಿದರು. ಮೈ ಹಗುರವಾಯಿತೆಂದು ಸಂತೋಷಪಟ್ಟರು. ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಟ್ಟರು. ಮೂರು ತಿಂಗಳು ಕಳೆಯುವಷ್ಟರಲ್ಲಿ ಚಪ್ಪಲಿ ಉಜ್ಜಿ ಆದ ಸಣ್ಣ ಗುಳ್ಳೆ ಹುಣ್ಣಾಯಿತು. ಕಾಲಿನಲ್ಲಿ ಸ್ಪರ್ಶವೇ ಕಡಿಮೆಯಾಗಿದ್ದರಿಂದ ನೋವು ಗೊತ್ತಾಗಲಿಲ್ಲ. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಎರಡು ಬೆರಳುಗಳನ್ನು ತೆಗೆಯದೆ ಬೇರೆ ದಾರಿ ಇರಲಿಲ್ಲ. ಅಂದಿನಿಂದ ಅತ್ತಿಗೆಯದು ಒಂದೇ ಹಟ: "ಆ ಅಜ್ಜಿಯನ್ನು ಒಮ್ಮೆ ಕೇಳಲೇಬೇಕು."

ಘಾಟಿ ಹತ್ತಿ ಹಾಸನೂರು ದಾಟಿದರೆ ತಂಪು ಗಾಳಿ, ಬಯಲು, ಕನ್ನಡದ ಮಾತು. 1956ರ ರಾಜ್ಯ ವಿಂಗಡಣೆಯಲ್ಲಿ ಪಕ್ಕದ ಕೊಳ್ಳೇಗಾಲ ಮೈಸೂರಿಗೆ ಸೇರಿತು. ತಾಳವಾಡಿ ಮದರಾಸು ರಾಜ್ಯದಲ್ಲೇ ಉಳಿಯಿತು. ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವುದೂ ಇಲ್ಲೇ. ರಾಗಿ, ಎಲೆಕೋಸಿನ ಹೊಲಗಳ ನಡುವೆ ಬದುಗಳ ಮೇಲೆಲ್ಲ ಆವರಿಕೆ ಹಳದಿಯಾಗಿ ಅರಳಿ ನಿಂತಿತ್ತು. ಕನ್ನಡದಲ್ಲಿ ಆವರಿಕೆ, ತಂಗಡಿ, ತಮಿಳಿನಲ್ಲಿ ಆವಾರಂ, ತೆಲುಗಿನಲ್ಲಿ ತಂಗೇಡು. ತೆಲಂಗಾಣದ ರಾಜ್ಯಪುಷ್ಪ ಇದೇ. ಅಲ್ಲಿ ಬತುಕಮ್ಮ ಹಬ್ಬಕ್ಕೆ ಇದು ಬೇಕೇ ಬೇಕು. ಕೊಂಗುನಾಡಿನಲ್ಲಿ ಪೊಂಗಲ್‌ನ ಮುನ್ನಾದಿನ ಬೇವಿನ ಸೊಪ್ಪಿನ ಜೊತೆ ಈ ಹೂವನ್ನು ಮನೆಯ ಸೂರಿಗೆ ಕಟ್ಟುತ್ತಾರೆ. ಇದರ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರು. ಬಿಸಿಲಿನಲ್ಲಿ ನಡೆಯುವವರು ಇದರ ಸೊಪ್ಪನ್ನು ತಲೆಯ ಮೇಲಿಟ್ಟುಕೊಳ್ಳುತ್ತಿದ್ದರು.

ಮರುದಿನ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಅಜ್ಜಿ ನಮ್ಮನ್ನು ತಮ್ಮ ಹೊಲದ ಬದುವಿಗೆ ಕರೆದುಕೊಂಡು ಹೋದರು. ಅತ್ತಿಗೆಯ ಕಾಲನ್ನು ಅವರಾಗಲೇ ನೋಡಿದ್ದರು, ಏನೂ ಕೇಳಿರಲಿಲ್ಲ. ಮೊದಲು ಗಿಡವನ್ನು ಗುರುತಿಸುವುದನ್ನು ಕಲಿಸಿದರು. ಹಳದಿ ಹೂವೆಲ್ಲ ಆವರಿಕೆಯಲ್ಲ. ಇದರ ಎಲೆತೊಟ್ಟಿನ ಬುಡದಲ್ಲಿ ಕಿವಿಯ ಆಕಾರದ ಒಂದು ಎಲೆಚೂರು ಇರುತ್ತದೆ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಸೆನ್ನಾ ಆರಿಕ್ಯುಲೇಟಾ ಎಂಬ ಹೆಸರು. ಲ್ಯಾಟಿನ್‌ನಲ್ಲಿ ಆರಿಕ್ಯುಲೇಟಾ ಎಂದರೆ ಕಿರುಕಿವಿಯುಳ್ಳದ್ದು. ಆ ಕಿವಿ ಕಾಣದಿದ್ದರೆ ಹೂವು ಮುಟ್ಟಬಾರದು.

ಅಂದು ಅರಳಿದ ಹೂವನ್ನು ಮಾತ್ರ ಬೆರಳಿನಿಂದ ಬಿಡಿಸಬೇಕು, ಮೊಗ್ಗು ಬಿಡಬೇಕು. ನಾವು ಅವಸರಕ್ಕೆ ಒಂದು ರೆಂಬೆಯನ್ನು ಬಗ್ಗಿಸಿದಾಗ ಅಜ್ಜಿ ತಡೆದರು. "ಕೊಂಬೆ ಮುರೀಬ್ಯಾಡಿ ಕನವ್ವ, ನಾಳಿಕೂ ಊವು ಬೇಕಲ್ವಾ?" ಒಂದೇ ಗಿಡವನ್ನು ಬೋಳು ಮಾಡಬಾರದು, ಬೀಜಕ್ಕೆಂದು ಸ್ವಲ್ಪ ಹೂವು ಉಳಿಯಬೇಕು. ಹೊಗೆ ಧೂಳು ಕೂರುವ ರಸ್ತೆ ಬದಿಯದು, ಔಷಧಿ ಹೊಡೆದ ಹೊಲದ ಪಕ್ಕದ್ದು ಬೇಡ. ಕಾಡಿನೊಳಗೆ ಅನುಮತಿಯಿಲ್ಲದೆ ಕೈ ಹಾಕುವಂತಿಲ್ಲ.

ಮನೆಗೆ ತಂದು ಮೊರದಲ್ಲಿ ಹರಡಿ, ಇರುವೆ ಹುಳುಗಳು ಹೋಗಲೆಂದು ಸ್ವಲ್ಪ ಹೊತ್ತು ಬಿಟ್ಟರು. ಆಮೇಲೆ ಹಳೆಯ ಹತ್ತಿ ಸೀರೆಯ ಮೇಲೆ ತೆಳುವಾಗಿ ಹರಡಿದರು. ಬಿಸಿಲಿನಲ್ಲಲ್ಲ, ಗಾಳಿಯಾಡುವ ಪಡಸಾಲೆಯ ನೆರಳಿನಲ್ಲಿ. ಬಿಸಿಲಿಗೆ ಬಣ್ಣವೂ ವಾಸನೆಯೂ ಹೋಗುತ್ತದಂತೆ. ದಿನಕ್ಕೆರಡು ಸಲ ಕೈಯಾಡಿಸುತ್ತಿದ್ದರೆ ಐದಾರು ದಿನಗಳಲ್ಲಿ ಒಣಗುತ್ತದೆ. ಬೆರಳಲ್ಲಿ ಹಿಡಿದರೆ ಪುಡಿಯಾಗಬೇಕು. ಮೆತ್ತಗಿದ್ದರೆ ಬೂಷ್ಟು ಬರುತ್ತದೆ. ಒಂದು ಮೊರ ಹೂವು ಕೊನೆಗೆ ಒಂದು ಸಣ್ಣ ಡಬ್ಬಿಯಷ್ಟಾಗುತ್ತದೆ.

ಬಳಸುವುದು ಸುಲಭ. ಒಂದು ಲೋಟ ನೀರಿಗೆ ಒಂದು ಚಮಚ ಒಣ ಹೂವು ಹಾಕಿ ಕುದಿಸಿ ಸೋಸಿದರೆ ಕಷಾಯ. ಶ್ರೀಲಂಕಾದವರು ಇದನ್ನೇ ರಣವರಾ ಎಂದು ಚಹಾದಂತೆ ಕುಡಿಯುತ್ತಾರೆ. ಹಸಿ ಹೂವನ್ನು ತೊಗರಿಬೇಳೆಯೊಂದಿಗೆ ಬೇಯಿಸಿ ಒಗ್ಗರಣೆ ಕೊಡುವುದುಂಟು. ಒಣ ಹೂವಿನ ಪುಡಿಯನ್ನು ಹೆಸರುಹಿಟ್ಟಿನಲ್ಲಿ ಬೆರೆಸಿ ಮಕ್ಕಳ ಮೈಗೆ ಉಜ್ಜಿ ಸ್ನಾನ ಮಾಡಿಸುತ್ತಾರೆ.

ಸಂಜೆ ಪಡಸಾಲೆಯಲ್ಲಿ ಕುಳಿತಾಗ ಅತ್ತಿಗೆ ಬಾಯಿಬಿಟ್ಟರು. "ಆವರಿಕೆ ಹೂವು ಬಿಟ್ಟಿರುವಾಗ ಸಾಯುವವರುಂಟೆ ಅಂತ ತಮಿಳಿನಲ್ಲಿ ಗಾದೆ ಇದೆಯಲ್ಲ ಅಜ್ಜಿ, ಅದನ್ನು ನಂಬಿದೆ. ನನ್ನ ಕಾಲು ಹೀಗಾಯಿತು."

ಅಜ್ಜಿ ಮಾತಾಡಲಿಲ್ಲ. ಎದ್ದು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದರು. ಅದರಲ್ಲಿ ಸರ್ಕಾರಿ ಆರೋಗ್ಯ ಕೇಂದ್ರದ ಚೀಟಿ, ಸಕ್ಕರೆ ಕಾಯಿಲೆಯ ಮಾತ್ರೆ. "ನಂಗೂ ಐತೆ ಮಗಾ, ಎಂಟು ವರ್ಸದಿಂದ. ಊವು ಕುಡೀತೀನಿ, ಮಾತ್ರೇನೂ ನುಂಗ್ತೀನಿ. ತಿಂಗ್ಳಿಗೊಂದ್ಸಲ ರಕ್ತ ತೋರುಸ್ತೀನಿ. ಊವು ಕೊಟ್ಟಾಗ ಇವ್ರಿಗೆ ಅದ್ನೂ ಹೇಳಿದ್ದೆ."

ನಾವು ತಲೆ ತಗ್ಗಿಸಿದೆವು. ಹೌದು, ಹೇಳಿದ್ದರು. ಹೊರಡುವ ಗಡಿಬಿಡಿಯಲ್ಲಿ ಡಬ್ಬಿಯನ್ನು ಚೀಲಕ್ಕೆ ತುರುಕುತ್ತ, ಹೂಂ ಹೂಂ ಎಂದಿದ್ದೆವು. ಹೂವನ್ನು ಹೊಸೂರಿಗೆ ತಂದೆವು, ಅದರೊಂದಿಗೆ ಕೊಟ್ಟ ಮಾತನ್ನು ತರಲಿಲ್ಲ. ಒಂದು ವರ್ಷದಿಂದ ಮನೆಯಲ್ಲಿ ಎಲ್ಲರೂ ಅಜ್ಜಿಯನ್ನು ದೂರುತ್ತಿದ್ದಾಗಲೂ ನಮಗೆ ಅದು ನೆನಪಾಗಲಿಲ್ಲ. ನಾವು ಅತ್ತಿಗೆಯ ಕ್ಷಮೆ ಕೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಮಾತ್ರೆ ಬಿಟ್ಟವಳು ನಾನೇ ಅಲ್ಲವೇ? ಡಾಕ್ಟರರನ್ನು ಒಂದು ಮಾತು ಕೇಳಬಹುದಿತ್ತು" ಎಂದರು.

ಹೂವಿನಲ್ಲಿ ಗುಣವಿಲ್ಲವೆಂದಲ್ಲ. ಸಿದ್ಧ ವೈದ್ಯದಲ್ಲಿ ಆವಾರೈ ಕುಡಿನೀರ್ ಎಂಬ ಕಷಾಯವೇ ಇದೆ. 2002ರಲ್ಲಿ ಪ್ರಕಟವಾದ ಅಣ್ಣಾಮಲೈ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ ಈ ಹೂವಿನ ಸಾರ ಸಕ್ಕರೆ ಕಾಯಿಲೆಯಿರುವ ಇಲಿಗಳ ರಕ್ತದ ಸಕ್ಕರೆಯನ್ನು ಇಳಿಸಿತು. ಆದರೆ ಇಲಿಯಲ್ಲಿ ಕಂಡದ್ದು ಮನುಷ್ಯರಿಗೆ ಮಾತ್ರೆಯ ಬದಲಿಯಾಗುವುದಿಲ್ಲ. ಮಾತ್ರೆಯ ಜೊತೆ ಹೆಚ್ಚು ಕುಡಿದರೆ ಸಕ್ಕರೆ ಅತಿಯಾಗಿ ಇಳಿಯುವ ಅಪಾಯವೂ ಉಂಟು. ಆದ್ದರಿಂದ ಕುಡಿಯುವವರು ವೈದ್ಯರಿಗೆ ತಿಳಿಸಿಯೇ ಕುಡಿಯಬೇಕು. ಗರ್ಭಿಣಿಯರು ಮತ್ತು ಮೂರ್ಛೆರೋಗದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಕುಡಿಯಲೇಬಾರದು. ಸಕ್ಕರೆ ಕಾಯಿಲೆಯವರು ರಾತ್ರಿ ಮಲಗುವ ಮುನ್ನ ಅಂಗಾಲನ್ನೂ ಬೆರಳ ಸಂದುಗಳನ್ನೂ ಒಮ್ಮೆ ನೋಡಿಕೊಳ್ಳಬೇಕು. ಈ ಕೆಲಸಕ್ಕೆ ಕಾಸು ಖರ್ಚಿಲ್ಲ.

ಹೊರಡುವಾಗ ಅಜ್ಜಿ ಮತ್ತೆ ಒಂದು ಡಬ್ಬಿ ಕೊಟ್ಟರು. ಈ ಸಲ ಅದನ್ನು ಕೈನೀಡಿ ತೆಗೆದುಕೊಂಡವರು ಅತ್ತಿಗೆ. ಹೊಸೂರಿಗೆ ಬಂದ ಮೇಲೆ ಡಾಕ್ಟರರಿಗೆ ತೋರಿಸಿದರು; ವಾರಕ್ಕೆ ಎರಡು ಸಲ, ಅರ್ಧ ಲೋಟ ಸಾಕೆಂದು ಅವರು ಒಪ್ಪಿದರು. ಅತ್ತಿಗೆ ಡಬ್ಬಿಯ ಮೇಲೆ ಕಾಗದ ಅಂಟಿಸಿ ತಮ್ಮ ಕೈಯಾರೆ ಬರೆದಿದ್ದಾರೆ: "ಆವರಿಕೆ ಹೂವು. ಮಾತ್ರೆ ನಿಲ್ಲಿಸಬಾರದು." ನೆರೆಹೊರೆಯವರು ಒಂದು ಹಿಡಿ ಕೇಳಿದರೆ ಕೊಡುತ್ತಾರೆ. ಕೊಡುವ ಮೊದಲು ಆ ಚೀಟಿಯನ್ನು ಅವರಿಂದಲೇ ಜೋರಾಗಿ ಓದಿಸುತ್ತಾರೆ.