ಹುಡುಕದೆ ಕಂಡುದು

2024ರ ಮಳೆಗಾಲದಲ್ಲಿ ನಮ್ಮ ದೊಡ್ಡಪ್ಪನವರಿಗೆ ಪಾರ್ಶ್ವವಾಯು ಬಡಿಯಿತು. ಕಾಸರಗೋಡಿನಿಂದ ಅವರನ್ನು ಮಂಗಳೂರಿಗೆ ಒಯ್ದೆವು. ಅಲ್ಲಿ ಮೆದುಳಿನ ರಕ್ತನಾಳಗಳ ಸ್ಕ್ಯಾನ್ ನಡೆಯಿತು. ಈ ನಾಳಗಳ ಮೂಲವು ಎದೆಯೊಳಗಿನ ಮಹಾಧಮನಿ. ಅಲ್ಲಿಂದಲೇ ಚಿತ್ರ ತೆಗೆಯುವುದರಿಂದ ಶ್ವಾಸಕೋಶಗಳ ತುದಿಯೂ ಅದರಲ್ಲಿ ಮೂಡುತ್ತದೆ. ತಲೆಯನ್ನು ನೋಡಹೊರಟ ವೈದ್ಯರಿಗೆ ಎದೆಯಲ್ಲಿ 7 ಮಿಲಿಮೀಟರಿನ ಗಂಟೊಂದು ಕಂಡಿತು.

ಬಹುಕಾಲ ಬೀಡಿ ಸೇದಿದ ಎದೆಯದು, ನಾವು ಕಂಗೆಟ್ಟೆವು. ಇಂಥ ಗಂಟುಗಳಲ್ಲಿ ಹೆಚ್ಚಿನವು ನಿರುಪದ್ರವಿಗಳೆಂದೂ, ಹಳೆಯ ಕ್ಷಯದ ಕಲೆಯೂ ಹೀಗೆ ಕಾಣಬಹುದೆಂದೂ ವೈದ್ಯರು ಸಮಾಧಾನ ಹೇಳಿದರು. ಆದರೂ ಅರ್ಬುದದ ಮೊಳಕೆಯಾಗಿರಲೂಬಹುದು. ಆರು ತಿಂಗಳಿಗೆ ಮತ್ತೆ ನೋಡಬೇಕೆಂದು ಚೀಟಿಯ ಕೊನೆಯಲ್ಲಿ ಬರೆದರು.

ಸೋತ ಕೈಕಾಲುಗಳ ಆರೈಕೆಯಲ್ಲಿ ಆ ಸಾಲನ್ನು ನಾವು ಮರೆತೇಬಿಟ್ಟೆವು. ಎಂಟನೆಯ ತಿಂಗಳಲ್ಲಿ ಚೀಟಿ ಕೈಗೆ ಸಿಕ್ಕಾಗ ಎದೆ ಧಸಕ್ಕೆಂದಿತು. ಓಡಿದೆವು. ಪುಣ್ಯಕ್ಕೆ ಗಂಟು ಬೆಳೆದಿರಲಿಲ್ಲ. ಮುಂದಿನ ಪರೀಕ್ಷೆಯ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿದೆವು. ದೊಡ್ಡಪ್ಪನವರು ತಾವಾಗಿಯೇ ಬೀಡಿಯ ಕಟ್ಟನ್ನು ಒಲೆಗೆ ಹಾಕಿಸಿದರು.

ಲೆಕ್ಕದ ಪುಸ್ತಕ ತಿದ್ದುವಾಗ ಕಾಗುಣಿತದ ತಪ್ಪು ಕಂಡರೆ ಉಪಾಧ್ಯಾಯರಾದ ನಾವು ಗೆರೆ ಎಳೆಯುತ್ತೇವೆ. ಆದರೆ ಗೆರೆ ಎಳೆದರೆ ಸಾಲದು. ಹುಡುಗನು ತಿದ್ದಿ ಬರೆದನೇ ಎಂದು ಮರುದಿನ ನೋಡಬೇಕು. ಮಕ್ಕಳಿಗೆ ದಿನವೂ ಹೇಳುವ ಈ ಪಾಠವನ್ನು ನಾವು ಕಲಿತುದು ತಡವಾಗಿ.